ಫೋಟೋದಾಗಿನ ಸೀರಿ

ಐವತ್ತು ದಾಟಿದ ಹೆಂಗಸಿಗೆ ಒಂದು ಹವ್ಯಾಸ ಇರಲೇಬೇಕು ಎಂಬುದು ಈಚೆಗೆ ಎಲ್ಲರ ಅಭಿಪ್ರಾಯ. ಬಿಪಿ ನೋಡಿದ ಡಾಕ್ಟರು ಹಾಗೆಂದರು, ಸ್ಟಾಫ್ ರೂಮಿನಲ್ಲಿ ಪಕ್ಕಕ್ಕೆ ಕೂರುವ ಕನ್ನಡ ಮೇಡಮ್ಮೂ ಹಾಗೆಂದರು. ಕೈತೋಟ ಮಾಡೋಣವೆಂದರೆ ನಾವಿರುವುದು ಬಾಗಲಕೋಟೆಯ ವಿದ್ಯಾಗಿರಿಯಲ್ಲಿ, ಮೇಲಿನ ಮಹಡಿಯ ಬಾಡಿಗೆ ಮನೆಯಲ್ಲಿ. ಹಾಡು ಕಲಿಯೋಣವೆಂದರೆ ನನ್ನ ದನಿ ಕೊನೆಯ ಬೆಂಚಿಗೆ ತಲುಪಲೆಂದೇ ತಯಾರಾದದ್ದು. ಅದಕ್ಕೆ ಏರುವುದು ಗೊತ್ತು, ಇಳಿಯುವುದು ಗೊತ್ತಿಲ್ಲ. ಉಳಿದದ್ದು ಫೋಟೋಗ್ರಫಿ. ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವಳು. ಮಸೂರದೊಳಗೆ ಬೆಳಕು ಹೇಗೆ ಬಾಗುತ್ತದೆ ಎಂಬುದನ್ನು ನಿದ್ದೆಗಣ್ಣಿನಲ್ಲೂ ಬೋರ್ಡಿನ ಮೇಲೆ ಬಿಡಿಸಬಲ್ಲೆ. ಕ್ಯಾಮೆರಾ ಎಂದರೆ ಇನ್ನೇನು, ಒಂದು ಮಸೂರ, ಅದರ ಹಿಂದೊಂದು ಕತ್ತಲೆ ಪೆಟ್ಟಿಗೆ. ಬೇರೆಯವರು ವರ್ಷಗಟ್ಟಲೆ ಕಲಿಯುವುದನ್ನು ನಾನು ವಾರದಲ್ಲಿ ಮುಗಿಸುತ್ತೇನೆ ಎಂಬ ಧಿಮಾಕಿನಲ್ಲೇ ಒಂದು ಡಿಜಿಟಲ್ ಕ್ಯಾಮೆರಾ ತರಿಸಿಕೊಂಡೆ.

ಜೊತೆಗೆ ಬಂದ ಪುಸ್ತಿಕೆಯಲ್ಲಿ ಅಕ್ಷರಗಳು ಸಾಸಿವೆ ಕಾಳಿಗಿಂತ ಸಣ್ಣವಿದ್ದವು. ನಾನು ಓದಲಿಲ್ಲ. ಪಾಠವನ್ನು ಮೊದಲಿನಿಂದ ಕೊನೆಯವರೆಗೆ ಓದಿ ಎಂದು ಮಕ್ಕಳಿಗೆ ಹೇಳುವವರು ತಾವು ಏನನ್ನೂ ಹಾಗೆ ಓದುವುದಿಲ್ಲ. ಮೊದಲ ಕೆಲವು ವಾರ ಮನೆಯಲ್ಲಿ ಕಣ್ಣಿಗೆ ಬಿದ್ದದ್ದೆಲ್ಲ ಕ್ಯಾಮೆರಾಕ್ಕೆ ಬಿತ್ತು. ಕೊತ್ತಂಬರಿ ಸಿವುಡು, ಒಣಹಾಕಿದ ಶೇಂಗಾ, ತಂತಿಯ ಮೇಲಿನ ಟವೆಲು, ಪೇಪರ್ ಓದುವಾಗ ನಮ್ಮನೆಯವರ ಕಿವಿ. ನಮ್ಮನೆಯವರು ಬೇವೂರಿನವರು, ಮಾತು ಕಡಿಮೆ. ತಾಟಿನ ಮುಂದೆ ಕೂತು, ನಾನು ಎಣ್ಣೆಗಾಯಿಯ ಸುತ್ತ ತಿರುಗುವುದನ್ನು ನೋಡಿ, ಅದರದು ಮುಗಿದ ಮೇಲೆ ನನ್ನದು ಶುರು ಮಾಡಲೇ ಎಂದು ಕೇಳುತ್ತಿದ್ದರು, ಅಷ್ಟೇ.

ಒಂದು ರವಿವಾರ ಅವರನ್ನು ಬಾದಾಮಿಗೆ ಎಳೆದುಕೊಂಡು ಹೋದೆ. ಗುಹೆಯ ಕಂಬದ ಮುಂದೆ ನಿಲ್ಲಿಸಿ, ಹಿಂದಿನದೆಲ್ಲ ಮಸುಕಾಗಿ ಮುಖವಷ್ಟೇ ಎದ್ದು ಕಾಣುವಂಥ ಚಿತ್ರ ತೆಗೆಯಬೇಕೆಂದಿದ್ದೆ. ಬಹಳ ಹೊತ್ತು ಹೊಂದಿಸಿದೆ. ಅವರು ಬಿಸಿಲಿನಲ್ಲಿ ಬೆವರು ಒರೆಸಿಕೊಳ್ಳದೆ ನಿಂತರು. ಮನೆಗೆ ಬಂದು ದೊಡ್ಡದು ಮಾಡಿ ನೋಡಿದರೆ ನಮ್ಮನೆಯವರು ಮಂಜಿನಲ್ಲಿ ಕರಗಿಹೋಗಿದ್ದರು. ಅವರ ಭುಜದ ಹಿಂದೆ, ಮೆಟ್ಟಿಲ ಮೇಲೆ ಕೂತು ಯಾರೋ ಗೃಹಸ್ಥರು ಸವತೆಕಾಯಿ ತಿನ್ನುತ್ತಿದ್ದರು. ಅವರು ಮಾತ್ರ ಅದ್ಭುತವಾಗಿ ಬಂದಿದ್ದರು. ಕಾಯಿಯ ಮೇಲಿನ ಖಾರದಪುಡಿಯ ಕಣ ಕಣವೂ ಕಾಣುತ್ತಿತ್ತು. ನಮ್ಮನೆಯವರು ಕನ್ನಡಕ ಹಾಕಿಕೊಂಡು ನೋಡಿ, "ಸವತಿಕಾಯಿ ಭಾಳ ಛಲೋ ಬಂದೈತಿ" ಎಂದರು. ಮುಂದಿನ ಚಿತ್ರದಲ್ಲಿ ಅಗಸ್ತ್ಯತೀರ್ಥದ ಕೆರೆ ಒಂದು ಕಡೆಗೆ ವಾಲಿತ್ತು. ನೀರು ಚೆಲ್ಲುವುದಿಲ್ಲವೇ ಎಂದು ವಿಚಾರಿಸಿದರು.

ಆದರೂ ನೂರು ತೆಗೆದರೆ ಒಂದು ತಾನಾಗಿ ಚೆನ್ನಾಗಿ ಬರುತ್ತದೆ, ಡಿಜಿಟಲ್ ಕ್ಯಾಮೆರಾದ ದೊಡ್ಡ ಉಪಕಾರವೇ ಅದು. ನನ್ನ ಪಾಲಿಗೆ ಬಂದದ್ದು ಕೆಳಗಿನ ಮನೆಯವರ ಅಂಗಳದ ಒಂದು ದಾಸವಾಳ. ಎಸಳಿನ ಮೇಲೆ ನೀರಿನ ಹನಿ, ಹನಿಯೊಳಗೆ ಬೆಳಕು. ಹನಿ ಬಿದ್ದದ್ದು ಮಳೆಯಿಂದಲ್ಲ, ಮೇಲಿನ ಟ್ಯಾಂಕಿನ ಸೋರಿಕೆಯಿಂದ ಎಂಬುದನ್ನು ಹೇಳದೆ ತವರುಮನೆಯ ವಾಟ್ಸಾಪ್ ಗುಂಪಿಗೆ ಹಾಕಿದೆ. ಹೊಗಳಿಕೆ ಸುರಿಯಿತು. ಮರುದಿನವೇ ಇಳಕಲ್ಲಿನಿಂದ ತಮ್ಮನ ಹೆಂಡತಿ ಶಾರದಾಳ ಫೋನು ಬಂತು.

ನಮ್ಮ ತವರುಮನೆ ನೇಕಾರರದು. ತಮ್ಮ ಈರಣ್ಣ ಈಗಲೂ ಮನೆಯಲ್ಲೇ ಕೈಮಗ್ಗ ನಡೆಸುತ್ತಾನೆ. ಸೀರೆ ಮಗ್ಗದಿಂದ ಇಳಿದರೆ ನೇರ ವ್ಯಾಪಾರಿಯ ಅಂಗಡಿಗೆ, ಅಪ್ಪನ ಕಾಲದಿಂದ ಹಾಗೆಯೇ. ಶಾರದಾ ಮಾತ್ರ ಇದನ್ನು ಬದಲಿಸಲು ಹೊರಟಿದ್ದಳು. ಉಡುವವರಿಗೆ ತಾನೇ ಫೋನಿನಲ್ಲಿ ತೋರಿಸಿ ತಾನೇ ಮಾರಬೇಕು ಎಂಬುದು ಅವಳ ಹಟ. ಈರಣ್ಣನಿಗೆ ಇದು ಮನಸ್ಸಿಗೆ ಬಂದಿರಲಿಲ್ಲ. ಕೈಯಲ್ಲಿ ಮುಟ್ಟದೆ ಇಳಕಲ್ಲ ಸೀರೆ ಕೊಳ್ಳುವವರು ಯಾರಿದ್ದಾರೆ ಎನ್ನುತ್ತಿದ್ದ. ಹಾಗಾಗಿ ಅವಳಿಗೆ ಒಳ್ಳೆಯ ಫೋಟೋ ಬೇಕಿತ್ತು. ದಾಸವಾಳವನ್ನು ಅಷ್ಟು ಚಂದ ಕಾಣಿಸಿದ ಅಕ್ಕಾರು ಸೀರೆಯನ್ನು ಬಿಟ್ಟಾರೆಯೇ ಎಂದು ಅವಳು ಕೇಳಿದಾಗ ನಾನು ಆಗಲೇ ಮನಸ್ಸಿನಲ್ಲಿ ಹುನಗುಂದದ ಮೇಲೆ ಇಳಕಲ್ಲಿಗೆ ಹೋಗುವ ಬಸ್ಸು ಹತ್ತಿಯಾಗಿತ್ತು.

ಹೋಗುವ ಮುನ್ನಾದಿನ ದೇವರಮನೆಯ ದೀಪದ ಫೋಟೋ ತೆಗೆಯಲು ಕ್ಯಾಮೆರಾದಲ್ಲಿ ಏನೇನೋ ತಿರುವಿದ್ದೆ. ತಿರುವಿದ್ದನ್ನು ಮತ್ತೆ ಮೊದಲಿನಂತೆ ಮಾಡಬೇಕು ಎಂಬುದು ನೆನಪಿಗೆ ಬರಲಿಲ್ಲ. ಇಳಕಲ್ಲಿನಲ್ಲಿ ಶಾರದಾ ಅಂಗಳದ ಬೆಳಕಿನಲ್ಲಿ ಸೀರೆ ಹರವಿದಳು. ನಮ್ಮ ಮನೆಯ ಹಳೆಯ ದಾಳಿಂಬೆ ಕೆಂಪು. ನಾನು ಹುಟ್ಟುವ ಮೊದಲಿನಿಂದ ನಮ್ಮ ಮಗ್ಗದ ಮೇಲಿರುವ ಬಣ್ಣ. ನಾನು ಮೊಣಕಾಲೂರಿ ಕೂತೆ, ಸ್ಟೂಲು ಹತ್ತಿದೆ, ಒಮ್ಮೆ ಪೂರ್ತಿ ಮಲಗಿದೆ ಕೂಡ. ಕ್ಯಾಮೆರಾದ ಪುಟ್ಟ ತೆರೆಯ ಮೇಲೆ ಮೂಡಿದ್ದು ದಾಳಿಂಬೆಯಲ್ಲ, ಮಾಗಿದ ನೇರಳೆ ಹಣ್ಣಿನ ಬಣ್ಣ. ಸೆರಗಿನಲ್ಲಿ ನೇಯ್ದ ಬಿಳಿ ತೆನೆಗಳಿಗೆ ತಿಳಿ ನೀಲಿ ಬಂದಿತ್ತು. ಸ್ವಲ್ಪ ಬೇರೆಯಾಗಿದೆ ಎಂದು ನನಗೂ ಅನಿಸಿತು. ಆದರೆ ಅಷ್ಟು ಚಂದವಾಗಿ ಬೇರೆಯಾದದ್ದನ್ನು ತಪ್ಪು ಎನ್ನಲು ಮನಸ್ಸಾಗಲಿಲ್ಲ, ಕಲೆ ಎಂದುಕೊಂಡೆ. ಶಾರದಾ ಬಹಳ ಹೊತ್ತು ನೋಡಿ, "ಇದು ನಮ್ಮ ಸೀರಿನೇ ಏನ್ರಿ ಅಕ್ಕಾರ" ಎಂದಳು. ನಾನು ಅದನ್ನು ಹೊಗಳಿಕೆ ಎಂದು ತಿಳಿದೆ.

ಫೋಟೋ ಅವಳ ಸ್ಟೇಟಸ್ಸಿನಿಂದ ಅವರಿವರ ಫೋನಿಗೆ ಹರಿದು, ಬಾಗಲಕೋಟೆಯ ನವನಗರದಲ್ಲಿರುವ ಸುಮಿತ್ರಾಬಾಯಿ ಎಂಬವರನ್ನು ಮುಟ್ಟಿತು. ಅವರ ಮಗಳು ಪಲ್ಲವಿಯ ಮದುವೆ ಗೊತ್ತಾಗಿತ್ತು. ಮೊದಲು ಒಂದು ಸೀರೆ ಕಳಿಸಿ, ಮನಸ್ಸಿಗೆ ಬಂದರೆ ಮನೆಯ ಹೆಣ್ಣುಮಕ್ಕಳಿಗೆಲ್ಲ ಅದನ್ನೇ ತೆಗೆದುಕೊಳ್ಳುತ್ತೇವೆ ಎಂದರು. ಶಾರದಾಳಿಗೆ ಇಂಥ ಆರ್ಡರು ಮೊದಲನೆಯದು. ಅವಳು ಸೀರೆಯನ್ನು ಹೊಸ ಬಟ್ಟೆಯಲ್ಲಿ ಸುತ್ತಿ ಕಳಿಸಿದಳು, ಈರಣ್ಣನ ಕಡೆಗೆ ಒಂದು ನೋಟವನ್ನೂ ಬಿಟ್ಟಳು. ಮೂರನೇ ದಿನ ಪಲ್ಲವಿಯ ಫೋನು ಬಂತಂತೆ. "ಫೋಟೋದಾಗಿನ ಸೀರಿ ಕಳಸ್ರಿ. ಇದು ಅದರ ಅಕ್ಕ ಇದ್ದಂಗೈತಿ."

ಇದನ್ನು ಶಾರದಾ ನನಗೆ ಹೇಳುವಾಗ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಫೋನಿಟ್ಟು ಮೊದಲ ಸಲ ಆ ಪುಸ್ತಿಕೆಯನ್ನು ಭೂತಗನ್ನಡಿ ಹಿಡಿದು ಓದಿದೆ. ಕ್ಯಾಮೆರಾಕ್ಕೆ ನಾವು ಯಾವ ಬೆಳಕಿನಲ್ಲಿದ್ದೇವೆ ಎಂದು ಹೇಳಬೇಕು, ಆಗ ಅದು ಬಿಳಿಯನ್ನು ಬಿಳಿಯಾಗಿ ತೋರಿಸುತ್ತದೆ, ಇದಕ್ಕೆ ವೈಟ್ ಬ್ಯಾಲೆನ್ಸ್ ಎನ್ನುತ್ತಾರೆ. ನಾನು ಹಗಲಿನ ಬೆಳಕಿನಲ್ಲಿ ನಿಂತು, ಹಳದಿ ಬಲ್ಬಿನ ಕೆಳಗಿದ್ದೇನೆ ಎಂದು ಕ್ಯಾಮೆರಾಕ್ಕೆ ಸುಳ್ಳು ಹೇಳಿದ್ದೆ. ಪಾಪ, ಅದು ನಂಬಿ, ಇಲ್ಲದ ಹಳದಿಯನ್ನು ಕಳೆಯಲು ಎಲ್ಲಕ್ಕೂ ನೀಲಿ ಬೆರೆಸಿತ್ತು. ಬಣ್ಣದ ಬಗ್ಗೆ ನಾನು ಕಾಲೇಜಿನಲ್ಲಿ ಎಷ್ಟು ಅಧಿಕಾರವಾಣಿಯಿಂದ ಮಾತಾಡುತ್ತೇನೆಂಬುದು ನೆನಪಾಗಿ ಒಬ್ಬಳೇ ಇದ್ದರೂ ನಾಚಿಕೆಯಾಯಿತು.

ರವಿವಾರ ಮತ್ತೆ ಇಳಕಲ್ಲು. ಗಿರಾಕಿಗೆ ನಾನೇ ನಿಜ ಹೇಳಿಬಿಡುತ್ತೇನೆ ಎಂದೆ. ಈರಣ್ಣ ಮಗ್ಗದಿಂದ ಏಳದೆಯೇ ಮಾತಾಡಿದ: "ಅಕ್ಕ, ಅಜ್ಜನ ಕಾಲದಿಂದ ಈ ಬಣ್ಣ ಹಿಡಕೊಂಡು ಬಂದೇವಿ. ನಿನ್ನ ಪೆಟ್ಟಿಗಿ ಒಂದ ಮುಂಜಾನ್ಯಾಗ ಬದಲ ಮಾಡಿಬಿಡ್ತು ನೋಡು." ಶಾರದಾಳಿಗೆ ಈ ತತ್ವಜ್ಞಾನ ಬೇಕಿರಲಿಲ್ಲ. ಅವರಿಗೆ ಆ ಬಣ್ಣ ಬೇಕು, ನಾವು ಅದನ್ನೇ ಮಾಡಿ ಕೊಡೋಣ ಎಂದಳು. ನೂಲಿಗೆ ಬಣ್ಣ ಹಾಕುವವರ ಹತ್ತಿರ ಹೋದೆವು. ನಾನು ನನ್ನ ಫೋನಿನಲ್ಲಿ ಚಿತ್ರ ತೋರಿಸಿದೆ, ಶಾರದಾ ಅವಳದರಲ್ಲಿ ತೋರಿಸಿದಳು. ಒಂದರಲ್ಲಿ ನೇರಳೆ, ಇನ್ನೊಂದರಲ್ಲಿ ಬದನೆಕಾಯಿ. ಅದೇ ಚಿತ್ರವನ್ನು ಅವರ ಫೋನಿಗೆ ಕಳಿಸಿದರೆ ಅಲ್ಲಿ ಮೂರನೆಯದೇ ಒಂದು ಬಣ್ಣ. ಯಾರ ಫೋನಿನ ಬಣ್ಣ ಹಾಕಲಿ ಎಂದು ಅವರು ಕೇಳಿದರು. ಕೊಳ್ಳುವವರ ಫೋನಿನದು ಎಂದಳು ಶಾರದಾ, ನನ್ನ ಮುಖ ನೋಡುತ್ತ. ಹೀಗೆ, ನೇರಳೆಯಿಂದ ಬದನೆಯವರೆಗಿನ ನೂಲಿನ ಲಡಿಗಳನ್ನೂ, ಹೋಲಿಸಿ ನೋಡಲು ನಮ್ಮ ಹಳೆಯ ದಾಳಿಂಬೆಯದೊಂದು ಲಡಿಯನ್ನೂ ಚೀಲದಲ್ಲಿಟ್ಟುಕೊಂಡು, ನಾನು ಮುಂದಿನ ವಾರ ನವನಗರಕ್ಕೆ ಹೋಗಬೇಕಾಯಿತು.

ಆ ಮನೆಯಲ್ಲಿ ತಾಯಿ ಮಗಳು ಮಾತು ಬಿಟ್ಟಿದ್ದರು. ಒಳಗೆ ಹೋದ ಕೂಡಲೇ ಗೊತ್ತಾಯಿತು. ಸುಮಿತ್ರಾಬಾಯಿ ಮಗಳಿಗೆ ಹೇಳಬೇಕಾದದ್ದನ್ನೆಲ್ಲ ನನಗೆ ಹೇಳುತ್ತಿದ್ದರು. ಬಂದ ಸೀರೆ ಫೋಟೋದಲ್ಲಿ ಇದ್ದಂತೆಯೇ ಇದೆ ಎಂಬುದು ಅವರ ವಾದ. ಒಂದಿಷ್ಟೂ ಇಲ್ಲ ಎಂಬುದು ಪಲ್ಲವಿಯ ವಾದ. ಜಗಳ ಸೀರೆಯಿಂದ ಕಣ್ಣಿಗೆ ಹೋಗಿತ್ತು. ಅವ್ವನಿಗೆ ಪೊರೆ ಬಂದಿರಬೇಕು, ಮದುವೆಯೊಳಗೆ ತೋರಿಸಿಬಿಡೋಣ ಎಂದು ಪಲ್ಲವಿ ಮರುದಿನಕ್ಕೆ ಕಣ್ಣಿನ ದವಾಖಾನೆಯಲ್ಲಿ ಹೆಸರು ಬರೆಸಿದ್ದಳು. ಸುಮಿತ್ರಾಬಾಯಿ ಮೇಲೆ ಗಟ್ಟಿಯಾಗಿ ಮಾತಾಡುತ್ತಿದ್ದರೂ ಒಳಗೆ ಹೆದರಿದ್ದರು. ಚಹಾ ಕೊಡುವಾಗ ಮಗಳಿಗೆ ಕೇಳಿಸದಂತೆ, ಆಪರೇಷನ್ನು ಎಂದರೆ ಬಹಳ ನೋಯುತ್ತದೆಯೇ ಎಂದು ನನ್ನನ್ನೇ ಕೇಳಿದರು.

ನನ್ನಿಂದ ಒಬ್ಬರ ಕಣ್ಣು ದವಾಖಾನೆಗೆ ಹೊರಟಿದೆ ಎಂದು ತಿಳಿದು ಚಹಾ ಕಪ್ಪನ್ನು ಕೆಳಗಿಟ್ಟೆ. ಲಡಿಗಳನ್ನೆಲ್ಲ ಟೀಪಾಯಿಯ ಮೇಲೆ ಸಾಲಾಗಿಟ್ಟು, ಫೋಟೋದಲ್ಲಿರುವುದು ಯಾವುದು ಎಂದು ಇಬ್ಬರನ್ನೂ ಕೇಳಿದೆ. ಪಲ್ಲವಿ ತನ್ನ ಫೋನು ನೋಡಿ ನೇರಳೆಯನ್ನು ಎತ್ತಿದಳು. ಸುಮಿತ್ರಾಬಾಯಿ ತಮ್ಮ ಫೋನು ನೋಡಿ, ಅನುಮಾನವೇ ಇಲ್ಲದೆ ದಾಳಿಂಬೆಯನ್ನು ಎತ್ತಿದರು. ಪಲ್ಲವಿ ನೋಡಿದಿರಾ ಎಂಬಂತೆ ನನ್ನ ಕಡೆ ತಿರುಗಿದಳು. ನಾನು ಸುಮಿತ್ರಾಬಾಯಿಯವರ ಫೋನನ್ನು ಕೈಗೆ ತೆಗೆದುಕೊಂಡೆ. ಅದರ ತೆರೆ ಅರಿಸಿನ ಬಳಿದಷ್ಟು ಹಳದಿಯಾಗಿತ್ತು. ಕೇಳಿದರೆ, ಕಣ್ಣಿಗೆ ತಂಪಾಗಿರಲಿ ಎಂದು ಮಗಳೇ ಆರು ತಿಂಗಳ ಹಿಂದೆ ಏನೋ ಒತ್ತಿ ಕೊಟ್ಟಿದ್ದಳಂತೆ. ಅದನ್ನು ಬಂದ್ ಮಾಡಿದೆ. ಅವರ ಕಣ್ಣೆದುರೇ ದಾಳಿಂಬೆ ಸೀರೆ ನೇರಳೆಯಾಯಿತು. ನನ್ನ ಕ್ಯಾಮೆರಾ ಬೆರೆಸಿದ್ದ ನೀಲಿಯನ್ನು ಅವರ ಫೋನಿನ ಹಳದಿ ಇಷ್ಟು ದಿನ ಕಳೆದುಹಾಕುತ್ತಿತ್ತು. ಆ ಚಿತ್ರ ಹೋದ ಅಷ್ಟೂ ಫೋನುಗಳಲ್ಲಿ ಸೀರೆಯ ಖರೇ ಬಣ್ಣ ಕಂಡದ್ದು ಪೊರೆ ಬಂದಿದೆ ಎನಿಸಿಕೊಂಡ ಈ ಒಬ್ಬರಿಗೇ.

ಸುಮಿತ್ರಾಬಾಯಿ ನನ್ನ ಕೈಯಿಂದ ಫೋನು ತೆಗೆದುಕೊಂಡು ಮಗಳ ಮುಂದಿಟ್ಟರು. ಜಗಳ ಶುರುವಾದ ಮೇಲೆ ಮೊದಲ ಬಾರಿಗೆ ಅವಳ ಕಡೆ ತಿರುಗಿ ಮಾತಾಡಿದರು.

"ನಾಳಿ ದವಾಖಾನಿಗೆ ಈ ಫೋನ್ ಒಯ್ಯಿ. ನಾ ಮನ್ಯಾಗ ಇರ್ತೇನಿ."

ಪಲ್ಲವಿ ನಕ್ಕಳು, ಆಮೇಲೆ ಅವ್ವನ ಪಕ್ಕಕ್ಕೆ ಬಂದು ಕೂತಳು. ನಾನು ತಪ್ಪೆಲ್ಲ ನನ್ನ ಕ್ಯಾಮೆರಾದ್ದು ಎಂದು ಒಪ್ಪಿಕೊಂಡೆ. ಸರಳವಾಗಿ ಹೇಳಬೇಕೆಂದಿದ್ದೆ, ಆದರೆ ಬಾಯಿ ತೆರೆದ ಮೇಲೆ ಅದು ಪಾಠವಾಗಿಬಿಟ್ಟಿತು, ನಡುವೆ ಒಂದು ಪ್ರಶ್ನೆಯನ್ನೂ ಕೇಳಿದೆ. ಪಲ್ಲವಿ ಎಲ್ಲ ಕೇಳಿಸಿಕೊಂಡು, "ಹಂಗಾದ್ರ ನಾ ಆರಿಸಿದ ಬಣ್ಣ ಎಲ್ಲೂ ಇಲ್ಲೇ ಇಲ್ಲೇನ್ರಿ" ಎಂದಳು, ದನಿ ಸಣ್ಣ ಮಾಡಿ. ಅವಳ ಕೈಯಲ್ಲಿ ನೇರಳೆ ಲಡಿ ಇನ್ನೂ ಇತ್ತು. ಮೊದಲು ಇರಲಿಲ್ಲ, ಈಗ ನಿನ್ನ ಕೈಯಲ್ಲೇ ಇದೆಯಲ್ಲ ಎಂದೆ.

ಕೊನೆಗೆ ತಾಯಿ ಮತ್ತು ಚಿಕ್ಕಮ್ಮ ದೊಡ್ಡಮ್ಮಂದಿರಿಗೆ ದಾಳಿಂಬೆ, ಮದುಮಗಳು ಮತ್ತು ಅವಳ ಗೆಳತಿಯರಿಗೆ ನೇರಳೆ ಎಂದು ತೀರ್ಮಾನವಾಯಿತು. ಶಾರದಾಳ ಆರ್ಡರು ಇದ್ದದ್ದಕ್ಕಿಂತ ದೊಡ್ಡದಾಯಿತು. ಅಜ್ಜನ ಬಣ್ಣದ ಬಗ್ಗೆ ಮಾತಾಡಿದ್ದ ಈರಣ್ಣ ನೇರಳೆಯನ್ನು ಮಗ್ಗಕ್ಕೇರಿಸಿ, ಇದೂ ಇರಲಿ ಬಿಡು ಎಂದನಂತೆ.

ಮೊದಲ ನೇರಳೆ ಸೀರೆ ಇಳಿದಾಗ ನಾನು ಕರೆಯದೆಯೇ ಹೋದೆ. ಈ ಸಲ ತಪ್ಪು ಮಾಡುವ ಮಾತೇ ಇರಲಿಲ್ಲ. ಬಿಳಿ ಹಾಳೆ ಹಿಡಿದು ಬೆಳಕು ಹೊಂದಿಸಿದೆ, ಕಾಲು ಗಂಟೆ ಲೆಕ್ಕ ಹಾಕಿದೆ, ಅಂಗಳದಲ್ಲಿದ್ದ ಸೀರೆ ಹೇಗಿತ್ತೋ ಹಾಗೆಯೇ, ಎಳೆಯಷ್ಟೂ ಹೆಚ್ಚುಕಡಿಮೆಯಿಲ್ಲದೆ ತೆಗೆದೆ. ಶಾರದಾ ನೋಡಿದಳು. ಸರಿಯಾಗೇನೋ ಬಂದಿದೆ, ಆದರೆ ಆ ಹಿಂದಿನದರಂತೆ ಇಲ್ಲ, ಆವತ್ತು ಮಾಡಿದ್ದನ್ನು ಇನ್ನೊಮ್ಮೆ ಮಾಡಲು ಬರುವುದಿಲ್ಲವೇ ಎಂದು ಸಂಕೋಚದಿಂದ ಕೇಳಿದಳು. ಬರುತ್ತದೆ, ಆದರೆ ಮಾಡಬಾರದು ಎಂದು ನಾನು ವಿವರಿಸತೊಡಗಿದೆ. ಅವಳು ಅರ್ಧ ಕೇಳಿ ಸೊಂಟದಿಂದ ತನ್ನ ಫೋನು ತೆಗೆದು, ನನ್ನ ಕೈಯಿಂದ ಕ್ಯಾಮೆರಾ ಇಸಿದುಕೊಂಡು ಕಟ್ಟೆಯ ಮೇಲಿಟ್ಟು, ಸೀರೆಯ ಸೆರಗಿನ ಒಂದು ತುದಿಯನ್ನು ನನಗೆ ಹಿಡಿಸಿದಳು. ನಾನು ಎರಡೂ ಕೈ ಎತ್ತಿ ಹಿಡಿದು ನಿಂತೆ, ಬೆಳಕು ಯಾವ ಕಡೆಯಿಂದ ಬರಬೇಕೆಂದು ಹೇಳುತ್ತಲೂ ಇದ್ದೆ.

"ಅಕ್ಕಾರ, ಒಂದೀಟ ಆ ಕಡಿ ಸರೀರಿ," ಎಂದಳು ಶಾರದಾ. "ನಿಮ್ಮ ನೆಳ್ಳ ಬೀಳಾಕತ್ತೈತಿ."

ಸರಿದೆ. ಫೋಟೋ ಚೆನ್ನಾಗಿಯೇ ಬಂತು.