ದೊಡ್ಡಪ್ಪನ ಪ್ಯಾರಿಸ್ ಫುಟ್‌ಪಾತ್

ನಮ್ಮ ದೊಡ್ಡಪ್ಪ ತಾವು ಹುಟ್ಟುವುದಕ್ಕೆ ಮೂವತ್ತು ವರ್ಷ ಮೊದಲೇ ಪ್ಯಾರಿಸ್‌ಗೆ ಹೋಗಿ ಬಂದವರು! ನಂಬಿಕೆ ಬರಲಿಲ್ಲವೇ? ಅವರಿಗೆ ಪಾಸ್‌ಪೋರ್ಟೂ ಇಲ್ಲ. ರಾಜಾಜಿನಗರದಿಂದ ಪಶ್ಚಿಮ ದಿಕ್ಕಿಗೆ ಅವರು ಮಾಡಿದ ಅತಿ ದೀರ್ಘ ಪ್ರವಾಸವೆಂದರೆ ಬ್ಯಾಡರಹಳ್ಳಿಯ ಒಂದು ಗೃಹಪ್ರವೇಶ. ಆದರೆ ಹಳೆ ಪುಸ್ತಕದಂಗಡಿಯಲ್ಲಿ ಸಾವಿರದ ಒಂಬೈನೂರನೇ ಇಸವಿಯ ಪ್ಯಾರಿಸ್ ಜಗತ್ ಪ್ರದರ್ಶನದ ಚಿತ್ರಪುಸ್ತಕವೊಂದು ಕೈಗೆ ಸಿಕ್ಕಿತ್ತು ನೋಡಿ, ಅಂದಿನಿಂದ ಅವರು ಅಲ್ಲೇ ವಾಸ. ಊಟಕ್ಕೆ ಮಾತ್ರ ಮನೆಗೆ ಬರುತ್ತಿದ್ದರು.

ಅವರ ತತ್ವಜ್ಞಾನವೂ ಕಲಸುಮೇಲೋಗರವೇ. ಬೆಳಿಗ್ಗೆ ದೇವರಿಲ್ಲವೆಂದು ವಾದಿಸಿ, ಮಧ್ಯಾಹ್ನ ರಾಹುಕಾಲ ನೋಡಿಕೊಂಡು ಹೊರಡುವರು. ಕೇಳಿದರೆ, "ಯೋಚನೆ ಮಾಡೋನ ತಲೆಗೆ ನಾಲ್ಕು ಬಾಗಿಲಿರ್ಬೇಕು ಕಣೋ!"

"ಬಾಗಿಲು ಬೇಕಾದಷ್ಟಿವೆ," ಎನ್ನುವರು ದೊಡ್ಡಮ್ಮ, "ಒಂದಕ್ಕೂ ಚಿಲಕ ಇಲ್ಲ!"

ಆ ಪ್ರದರ್ಶನದಲ್ಲಿ ಕೂತಲ್ಲೇ ಹಡಗಿನ ಪ್ರಯಾಣ ಮಾಡಿಸುತ್ತಿದ್ದರಂತೆ. ನೆಲ ಓಲಾಡುತ್ತದೆ, ಎದುರಿಗೆ ಬಣ್ಣ ಬಳಿದ ಸಮುದ್ರ ಸುರುಳಿ ಬಿಚ್ಚುತ್ತದೆ. ದೊಡ್ಡಪ್ಪ ಬಿಟ್ಟಾರೆಯೇ? ಹಳೆ ಬೆಡ್‌ಶೀಟಿಗೆ ನೀಲಿ ಬಳಿದು, ಮಹಾಲಕ್ಷ್ಮಿ ಲೇಔಟಿನಿಂದ ಹೋಳಿಗೆ ಊಟಕ್ಕೆ ಬಂದಿದ್ದ ಬೀಗರನ್ನು ಉಯ್ಯಾಲೆ ಮೇಲೆ ಕೂರಿಸಿ ತೂಗಿಯೇ ತೂಗಿದರು. ಬೀಗರು ಉಂಡದ್ದನ್ನೆಲ್ಲ ಕಕ್ಕಿಬಿಟ್ಟರು! ದೊಡ್ಡಪ್ಪ ಚಪ್ಪಾಳೆ ತಟ್ಟಿ, "ನೋಡಿದ್ರಾ! ಥೇಟ್ ಸಮುದ್ರ!" ಎಂದರು. "ಸದ್ಯ, ಮುಳುಗಲಿಲ್ಲ," ಎಂದು ದೊಡ್ಡಮ್ಮ ನೀರು ತಂದರು.

ಅವರಿಗೆ ಪಂಚಪ್ರಾಣವಾಗಿದ್ದದ್ದು ಮಾತ್ರ ಅಲ್ಲಿನ ನಡೆಯುವ ಫುಟ್‌ಪಾತ್. "ನಾವು ಸುಮ್ನೆ ನಿಂತ್ರೆ ಸಾಕು ಕಣೇ, ದಾರೀನೇ ನಡೆಯುತ್ತೆ!"

"ಸುಮ್ನೆ ನಿಲ್ಲೋದನ್ನ ನಿಮಗೆ ಪ್ಯಾರಿಸ್‌ನೋರು ಹೇಳ್ಕೊಡ್ಬೇಕೇನ್ರೀ?"

ಅಂಥ ದೊಡ್ಡಮ್ಮ ಒಂದು ದಿನ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು. ಹಿಡಿದುಕೊಂಡು ನಿಲ್ಲಬಲ್ಲರು, ನಡೆಯಲಾರರು. ದಿನಾ ಬೆಳಿಗ್ಗೆ ಗೇಟಿನ ಬಳಿ ನಿಂತು ಸೊಪ್ಪಿನವಳ ಜೊತೆ ಜಗಳವಾಡದಿದ್ದರೆ ಅವರಿಗೆ ತಿಂಡಿ ಸೇರುತ್ತಿರಲಿಲ್ಲ. ಮಗ ಗಾಲಿಕುರ್ಚಿ ತಂದ. "ಅದ್ರಲ್ಲಿ ಕೂತು ಹೋದ್ರೆ ಬೀದಿಯೋರೆಲ್ಲ ಅಯ್ಯೋ ಪಾಪ ಅಂತಾರೆ. ನಾನ್ ಬರಲ್ಲ," ಎಂದು ಮುಸುಕೆಳೆದು ಮಲಗಿದರು. ಆಮೇಲೆ ದೊಡ್ಡಪ್ಪನನ್ನು ಆಡಿಕೊಳ್ಳುವುದನ್ನೂ ಬಿಟ್ಟರು. ನಮಗೆ ನಿಜವಾಗಿ ಭಯವಾದದ್ದು ಆಗಲೇ.

ದೊಡ್ಡಪ್ಪ ಒಂದು ವಾರ ಹಿತ್ತಲಲ್ಲಿ ಸುತ್ತಿಗೆ ಹಿಡಿದು ಏನೋ ಕುಟ್ಟಿದರು. ಕೋಣೆಯಿಂದ ಗೇಟಿನವರೆಗೆ ಹೊಸಿಲು ಮುಚ್ಚುವಂತೆ ಹಲಗೆ ಹಾಸಿದರು. ಅದರ ಮೇಲೆ ಇನ್ನೊಂದು ಪುಟ್ಟ ಹಲಗೆ. ಅದರ ಕೆಳಗೆ ಚಕ್ರಗಳಾಗಿ ಹಳೆ ಸ್ಕೂಟರಿನ ಬೇರಿಂಗು, ಸುತ್ತ ಹಿಡಿದುಕೊಳ್ಳಲು ಕಂಬಿ, ಮುಂದೆ ಹಗ್ಗ. ನಾವು ನಗು ತಡೆಯಲಾರದೆ ಬಾಯಿ ಮುಚ್ಚಿಕೊಂಡೆವು.

"ನಿಂತ್ಕೋ ಕಣೇ. ನೀನು ನಡೀಬೇಡ. ದಾರಿ ನಡೆಯುತ್ತೆ."

ದೊಡ್ಡಮ್ಮ ಗಂಡನ ಮುಖವನ್ನೇ ನೋಡಿದರು. ಸೆರಗು ಸರಿಮಾಡಿಕೊಂಡು ಹತ್ತಿ ನಿಂತರು. ಎಪ್ಪತ್ತು ದಾಟಿದ ದೊಡ್ಡಪ್ಪ ಏದುಸಿರು ಬಿಡುತ್ತಾ ಹಗ್ಗ ಎಳೆದರು. ಗಡಗಡ ಸದ್ದಿಗೆ ಬೀದಿಯೆಲ್ಲ ತಿರುಗಿ ನೋಡಿತು.

"ಅಮ್ಮೋರೇ, ಕಾಣ್ಲೇ ಇಲ್ವಲ್ಲ! ಎಲ್ಲೋಗಿದ್ರಿ?" ಎಂದಳು ಸೊಪ್ಪಿನವಳು.

"ಪ್ಯಾರಿಸ್‌ಗೆ ಕಣಮ್ಮಾ," ಎಂದರು ದೊಡ್ಡಮ್ಮ ನೆಟ್ಟಗೆ ನಿಂತು. "ನಮ್ ಯಜಮಾನ್ರು ಕರ್ಕೊಂಡು ಹೋಗಿದ್ರು."

ದೊಡ್ಡಪ್ಪನಿಗೆ ಅಳು ಬಂದೇಬಿಟ್ಟಿತು. ಕಣ್ಣೊರೆಸಿಕೊಳ್ಳಲು ಕೈ ಎತ್ತಿದರು.

"ಅಯ್ಯೋ, ಹಗ್ಗ ಬಿಡ್ಬೇಡ್ರೀ!" ಎಂದರು ದೊಡ್ಡಮ್ಮ. "ನೀವು ಬಿಟ್ರೆ ನನ್ನ ವಾಪಸ್ ಯಾರು ಕರ್ಕೊಂಡು ಹೋಗ್ತಾರೆ?"