ಸುಮಂಗಲೆ ಬಾಯಿ ಬಿಟ್ಟ ದಿನ

ಬೆಳಿಗ್ಗೆ ಆರು ಗಂಟೆಗೆ ಹೆಂಡತಿ ಹೇಳಲು ಬಂದ ಮಾತನ್ನು ಅರ್ಧ ನಿಮಿಷ ಕೇಳಿಸಿಕೊಂಡಿದ್ದರೆ ಕಾಫಿ ತೋಟದ ಲೆಕ್ಕ ಬರೆಯುವ ರೈಟರ್ ಮೃತ್ಯುಂಜಯನಿಗೆ ಅವತ್ತು ಯಾವ ಕಷ್ಟವೂ ಬರುತ್ತಿರಲಿಲ್ಲ. ಆದರೆ ಹೆಂಡತಿಯ ಮಾತನ್ನು ಅರ್ಧ ನಿಮಿಷ ಕೇಳುವ ಗಂಡಸು ವನಗೂರಿನ ಸುತ್ತ ಹತ್ತು ಎಸ್ಟೇಟಿನಲ್ಲಿ ಒಬ್ಬನಾದರೂ ಇರಬೇಕಲ್ಲ!

“ರೀ, ಸ್ವಲ್ಪ ಒಳಗ್ ಬನ್ನಿ. ನಿನ್ನೆ ಸಂಜೆ ನೀವು ಬರ್ತಾ...” ಎಂದು ಮಾನಸಾ ಶುರು ಮಾಡಿದಳು.

ಮೃತ್ಯುಂಜಯ ಅಂಗಳದಲ್ಲಿ ಹಲ್ಲುಜ್ಜುತ್ತಿದ್ದ. ಅವನ ಗಮನವೆಲ್ಲ ತೋಟದ ಮಾಲೀಕರಾದ ಸಾಹುಕಾರ್ ಪರಮಶಿವಯ್ಯನವರ ಮೇಲಿತ್ತು. ಎಸ್ಟೇಟಿನ ಹಳೆಯ ಮ್ಯಾನೇಜರು ವಯಸ್ಸಾಯಿತೆಂದು ಬಿಟ್ಟುಹೋಗಿ ಮೂರು ತಿಂಗಳಾಗಿತ್ತು. ಆ ಕುರ್ಚಿಯಲ್ಲಿ ಮೃತ್ಯುಂಜಯನನ್ನು ಕೂರಿಸುವುದೋ ಬೇಡವೋ ಎಂದು ತೀರ್ಮಾನಿಸಲು ಸಾಹುಕಾರರು ಸಕಲೇಶಪುರದಿಂದ ಇವತ್ತೇ ಬರುವವರಿದ್ದರು. ಹನ್ನೊಂದು ವರ್ಷ ಈ ತೋಟದ ಜಿಗಣೆಗಳಿಗೆ ರಕ್ತ ಕೊಟ್ಟು ಸಾಕಿದವನು ಅವನು. ಇಂಥ ದಿನ, ಬಾಯಿ ತುಂಬ ನೊರೆ ಇರುವಾಗ, ಹೆಂಡತಿಯ ದೂರು ಯಾರಿಗೆ ಬೇಕು?

“ಬೆಳಿಗ್‌ಬೆಳಿಗ್ಗೇನೇ ತಗಾದೆ ತೆಗೀಬ್ಯಾಡ ಕಣೇ” ಎಂದು ನೊರೆ ಉಗಿದು ಹೇಳಿದ. “ಆ ಸುಮಂಗಲೇನ ನೋಡಿ ಕಲಿ. ಆರ್ನೂರು ಎಪಿಸೋಡ್ ಆಯ್ತು, ಗಂಡನ ಎದುರು ಒಂದು ಮಾತಾಡವ್ಳಾ? ಗಂಡ ತಪ್ಪೇ ಮಾಡ್ಲಿ, ನುಂಗ್ಕಂಡು ಸುಮ್ಕಿರ್ತಾಳೆ. ಹೆಂಗ್ಸು ಅಂದ್ರೆ ಅವಳು!”

ಸುಮಂಗಲೆ ಎಂದರೆ ದಿನಾ ಸಂಜೆ ಏಳಕ್ಕೆ ಬರುವ ‘ಸಹನಾವತಿ’ ಧಾರಾವಾಹಿಯ ನಾಯಕಿ. ಅತ್ತೆ ಬೈದರೆ ಅಳುತ್ತಾಳೆ, ನಾದಿನಿ ದೂಡಿದರೆ ಬೀಳುತ್ತಾಳೆ, ಗಂಡ ಹೊಡೆದರೆ ಅವನ ಕೈ ನೋಯಿತೇನೋ ಎಂದು ಕೊರಗುತ್ತಾಳೆ. ವಿಚಿತ್ರ ಏನೆಂದರೆ, ಮೃತ್ಯುಂಜಯನ ಮನೆಯಲ್ಲಿ ಯಾರೂ ಅದನ್ನು ನೋಡುತ್ತಿರಲಿಲ್ಲ. ಏಳು ಗಂಟೆಗೆ ಮಾನಸಾ ಟೀವಿಯಲ್ಲಿ ಕಬಡ್ಡಿ ಹಾಕುತ್ತಿದ್ದಳು. ಇವನು ಸ್ಟೋರಿನ ಕೆಲಸ ಮುಗಿಸಿ ಮನೆ ಸೇರುವಾಗ ಎಂಟಾಗುತ್ತಿತ್ತು. ಆದರೂ ಸುಮಂಗಲೆಯ ಒಂದೊಂದು ಹನಿ ಕಣ್ಣೀರೂ ಅವನಿಗೆ ಗೊತ್ತಿತ್ತು. ಹೇಗೆಂದು ಯಾರಾದರೂ ಕೇಳಿದರೆ “ಪ್ಯಾಟೇಲಿ ಹೇಳ್ತಾರಪ್ಪ” ಎನ್ನುತ್ತಿದ್ದ. ಇರಲಿ, ಅದು ಬೇರೆ ಮಾತು.

ಹೆಪ್ಪಿಗೆಂದು ಲೋಟ ಹಿಡಿದು ಬಂದಿದ್ದ ಪಕ್ಕದ ಮನೆ ತಾಯಮ್ಮ ಇದನ್ನೆಲ್ಲ ಕೇಳಿಸಿಕೊಂಡು, “ಸರ್‍ಯಾಗ್ ಹೇಳ್ದೆ ಕಣಪ್ಪ. ಈಗಿನ ಹುಡ್ಗೀರ್ಗೆ ಬಾಯಿ ಜಾಸ್ತಿ” ಎಂದಳು.

ಮಾನಸಾ ಗಂಡನನ್ನು ನೋಡಿದಳು, ತಾಯಮ್ಮನನ್ನು ನೋಡಿದಳು. “ಆಯ್ತು ಬಿಡಿ. ಇವತ್ತಿಂದ ಸುಮಂಗಲೆ ಥರಾನೇ ಇರ್ತೀನಿ” ಎಂದು ಒಳಗೆ ಹೋದಳು.

ಅರ್ಧ ಗಂಟೆ ಬಿಟ್ಟು ಮೃತ್ಯುಂಜಯ ಅಡುಗೆಮನೆಗೆ ಬಂದರೆ ಅಲ್ಲಿ ಮದುವೆ ಮನೆಯೇ ನಡೆಯುತ್ತಿತ್ತು. ಮಾನಸಾ ಧಾರೆ ಸೀರೆ ಉಟ್ಟು, ಸರ, ಬಳೆ, ಓಲೆ ಎಲ್ಲ ಹಾಕಿಕೊಂಡು, ಸೆರಗು ಹೊದ್ದು ಅಕ್ಕಿರೊಟ್ಟಿ ತಟ್ಟುತ್ತಿದ್ದಳು. ಗಂಡನನ್ನು ಕಂಡವಳೇ ಬಗ್ಗಿ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಮೃತ್ಯುಂಜಯನಿಗೆ ಮೈ ಜುಮ್ಮೆಂದಿತು. ಮ್ಯಾನೇಜರ್ ಆಗುವವನ ಮನೆ ಹೀಗಿರಬೇಕು ಅಂದುಕೊಂಡ.

ಆ ಸುಖ ಸರಿಯಾಗಿ ಹತ್ತು ನಿಮಿಷ ಇತ್ತು. ರೊಟ್ಟಿ ತಿಂದು ಸ್ಟೋರಿಗೆ ಹೊರಡಲು ಎದ್ದು ನೋಡಿದರೆ ಗೂಟದಲ್ಲಿ ಶಾಲು ಇಲ್ಲ.

ಶಾಲು ಇಲ್ಲವೆಂದರೆ ಬೀಗದ ಕೈಯೂ ಇಲ್ಲ. ಒಮ್ಮೆ ಜೇಬಿನಿಂದ ಜಾರಿದ ಗೊಂಚಲನ್ನು ಕಾಫಿ ಗಿಡಗಳ ಬುಡದಲ್ಲಿ ಎರಡು ದಿನ ಹುಡುಕಿದ ಮೇಲೆ, ಅದನ್ನು ಹೊದ್ದ ಶಾಲಿನ ತುದಿಗೆ ಗಂಟು ಹಾಕುವುದು ಅವನ ಪದ್ಧತಿಯಾಗಿತ್ತು. ಸ್ಟೋರು, ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆ, ಸಾಹುಕಾರರ ಬಂಗಲೆ, ಎಲ್ಲದರ ಕೈಯೂ ಅದರಲ್ಲೇ. ಇನ್ನೊಂದು ಜೊತೆ ಮಾಡಿಸಿ ಅಂದರೆ ಪರಮಶಿವಯ್ಯನವರು ಒಪ್ಪುತ್ತಿರಲಿಲ್ಲ. ಬೀಗದ ಕೈ ಎರಡಾದರೆ ಕಳ್ಳರೂ ಇಬ್ಬರಾಗುತ್ತಾರೆ ಅನ್ನುವುದು ಅವರ ಸಿದ್ಧಾಂತ.

“ಮಾನಸಾ, ನನ್ ಶಾಲೆಲ್ಲಿ?”

ಮಾನಸಾ ತಟ್ಟನೆ ಗೋಡೆಯ ಕಡೆ ತಿರುಗಿದಳು. ನಿಧಾನವಾಗಿ ಕಿಟಕಿಯ ಕಡೆ ತಿರುಗಿದಳು. ಕೊನೆಗೆ ಗಂಡನ ಕಡೆ ತಿರುಗಿ ಸೆರಗಿನ ತುದಿ ಕಚ್ಚಿಕೊಂಡಳು. “ನನ್ನನ್ನು ಏನೂ ಕೇಳಬೇಡಿ! ಈ ಮನೆಯ ಮರ್ಯಾದೆಯೇ ನನ್ನ ಉಸಿರು. ಸತ್ಯ ನನ್ನೊಂದಿಗೇ ಮಣ್ಣಾಗಲಿ!”

ಮಧ್ಯಾಹ್ನದ ಮರುಪ್ರಸಾರಕ್ಕೆ ತಾಯಮ್ಮ ಹಾಕುವ ಟೀವಿಯ ಸದ್ದು ನಡುಗೋಡೆ ದಾಟಿ ದಿನಾ ಕೇಳುತ್ತಿತ್ತು. ಹಾಗಾಗಿ ಸುಮಂಗಲೆಯ ಮಾತೆಲ್ಲ ಮಾನಸಾಳಿಗೆ ಬಾಯಿಪಾಠವಾಗಿತ್ತು.

“ಅಯ್ಯೋ ಮಾರಾಯ್ತಿ, ತಮಾಷೆ ಆಮೇಲ್ ಮಾಡು! ಶಾಲೆಲ್ಲೈತೆ ಹೇಳು!”

“ಹೆಣ್ಣು ಎಂದರೆ ಭೂಮಿ. ತುಳಿದರೂ ಮಾತಾಡುವುದಿಲ್ಲ” ಎಂದಳು ಮಾನಸಾ.

ಅಷ್ಟರಲ್ಲಿ ಹಣ್ಣು ಕುಯ್ಯುವ ಹೆಂಗಸರು ಅಂಗಳಕ್ಕೇ ಬಂದರು. ಮುಂದೆ ಅವರ ಮುಂದಾಳು ಭೂತಮ್ಮ. “ಏನ್ ರೈಟ್ರೇ, ಸ್ಟೋರ್ ಬೀಗ ತೆಗ್ಯಾಕಿಲ್ವಾ? ಚೀಲ ಇಲ್ದೆ ಹಣ್ಣು ಮಡ್ಲಲ್ ತುಂಬ್ಕಣಾನಾ?” ಎಂದವಳ ಕಣ್ಣು ಮಾನಸಾಳ ಮೇಲೆ ಬಿತ್ತು. “ಅಯ್ ಶಿವನೇ! ಸುಮಂಗಲೆ! ಬನ್ರವ್ವ, ಸೀರಿಯಲ್ಲು ಮನೆಬಾಗ್ಲಿಗೇ ಬಂದೈತೆ!”

ಹದಿನಾರು ಹೆಂಗಸರು ಸಾಲಾಗಿ ಕೂತುಬಿಟ್ಟರು. ತಾಯಮ್ಮ ಕರೆಯದೆಯೇ ಅತ್ತೆ ಪಾತ್ರಕ್ಕೆ ಇಳಿದಳು. “ಬಾಯ್ ಬಿಡ್ದಿದ್ರೆ ಕೆನ್ನೆಗೊಂದ್ ಬಿಗಿ ಮಗ. ಸುಮಂಗಲೆ ಗಂಡ ಬಿಗ್ಯಾಕಿಲ್ವಾ?”

ಮೃತ್ಯುಂಜಯ ತನ್ನ ಬಲಗೈ ಎತ್ತಿ ನೋಡಿಕೊಂಡ. ಕಾಲಿಗೆ ಹತ್ತಿದ ಜಿಗಣೆಯನ್ನೂ ಉಪ್ಪು ಹಾಕಿ ಮರ್ಯಾದೆಯಿಂದ ಇಳಿಸುವ ಕೈ ಅದು. ಎತ್ತಿದ್ದಕ್ಕೆ ಏನಾದರೂ ಮಾಡಬೇಕಲ್ಲ ಎಂದು ತಲೆ ಕೆರೆದುಕೊಂಡ.

“ಹಂಗೇ ಕೆರ್ಕಳಿ” ಎಂದಳು ಭೂತಮ್ಮ. “ಅವಳ್ ಮೇಲೆ ಕೈ ಮಾಡಿದ್ರೆ ಇಲ್ಲಿ ಮೂವತ್ತೆರಡು ಕೈ ಐತೆ, ನೆಪ್ಪಿರ್‍ಲಿ. ಟೀವಿ ಒಳಗಿನ್ ಗಂಡ್ನ ಬಡಿಯಾಕೆ ನಮ್ ಕೈಲಾಗ್ಲಿಲ್ಲ, ಆ ಸಿಟ್ಟೂ ಹಂಗೇ ಐತೆ.”

ಇದು ಬಗೆಹರಿಯುವ ಮಾತಲ್ಲ ಎಂದು ಅವನು ಸ್ಟೋರಿಗೆ ಓಡಿ ಬೀಗಕ್ಕೆ ಕಲ್ಲು ಹಾಕಿದ. ಹಳೇ ಕಾಲದ ಬೀಗ ಅಲುಗಾಡಲಿಲ್ಲ. ಕಲ್ಲು ಜಾರಿ ಕಾಲಿನ ಹೆಬ್ಬೆರಳ ಮೇಲೆ ಬಿತ್ತು. ಕುಂಟುತ್ತಾ ಜೀಪು ಹತ್ತಿ ವನಗೂರಿಗೆ ಹೋದರೆ, ಬೀಗ ರಿಪೇರಿ ಮಾಡುವವನು ನಾದಿನಿ ಮದುವೆಗೆಂದು ಪಾಳ್ಯಕ್ಕೆ ಹೋಗಿದ್ದ. ಸುದ್ದಿ ಮಾತ್ರ ಜೀಪಿಗಿಂತ ಮೊದಲೇ ಅಲ್ಲಿಗೆ ಬಂದಿತ್ತು. “ಏನ್ ಮೃತ್ಯುಂಜಯಣ್ಣ, ಮನೇಲಿ ಶೂಟಿಂಗಂತೆ?” ಎಂದು ಹೋಟೆಲಿನವನು ಕೇಳಿದ. ಟೀ ಕುಡಿಯುತ್ತಿದ್ದ ರುದ್ರಯ್ಯ, “ಹೆಂಡ್ತಿ ಮಾತಾಡ್ತಿಲ್ಲ ಅಂತ ಅಳ್ತಿರೋ ಮೊದಲ್ನೇ ಗಂಡಸು ನೀನೇ ಕಣಯ್ಯ. ಪುಣ್ಯ ಮಾಡಿದ್ದೆ, ಹೋಗು” ಎಂದು ಬೆನ್ನು ತಟ್ಟಿ ಕಳಿಸಿದ.

ಮಧ್ಯಾಹ್ನ ಮನೆಗೆ ಬಂದಾಗ ಎರಡು ಗಂಟೆ. ಮಾನಸಾ ಒಲೆಯ ಮುಂದೆ ಅದೇ ರೇಷ್ಮೆ ಸೀರೆಯಲ್ಲಿ ಬೆವರುತ್ತಾ ಕೂತಿದ್ದಳು.

“ಊಟ ಮಾಡಿದ್ಯಾ?” ಎಂದ.

“ಪತಿ ಉಣ್ಣದೆ ಸತಿ ಉಂಡುಂಟೇ?”

“ಬೆಳಿಗ್ಗೆ ರೊಟ್ಟಿ?”

ಇಲ್ಲವೆಂದು ತಲೆಯಾಡಿಸಿದಳು. ಒಂದು ಹೊತ್ತಿಗೇ ಇವಳ ಮುಖ ಇಷ್ಟು ಬಾಡಿದೆ. ಆರುನೂರು ಎಪಿಸೋಡು ಆ ಹುಡುಗಿ ಹಸಿದುಕೊಂಡೇ ಇದ್ದಾಳೆ, ಅದನ್ನು ನೋಡಿ ನಾನು ಆಹಾ ಅಂದೆನಲ್ಲ, ನಾನೂ ಒಬ್ಬ ಮನುಷ್ಯನೇ? ಕಲಸಿದ ಮೊದಲ ತುತ್ತನ್ನು ತನ್ನ ಬಾಯಿಗಿಡದೆ ಅವಳ ಕಡೆ ಹಿಡಿದ. “ತಿನ್ನೇ. ತಪ್ಪಾಯ್ತು. ನಂಗೆ ಸುಮಂಗಲೆ ಬ್ಯಾಡ, ಬಾಯಿರೋ ಮಾನಸಾನೇ ಬೇಕು.”

ಮಾನಸಾ ತುತ್ತು ತಿಂದಳು. ಕಣ್ಣಲ್ಲಿ ನಿಜವಾದ ನೀರು ಬಂತು. ಏನೋ ಹೇಳಲು ಬಾಯಿ ತೆರೆದಳು. ಆದರೆ ಬಾಗಿಲಲ್ಲಿ ತಾಯಮ್ಮ ಗಲ್ಲಕ್ಕೆ ಕೈಕೊಟ್ಟು ಕೂತು ಎಲ್ಲವನ್ನೂ ನೋಡುತ್ತಿದ್ದಳು. ಮಾನಸಾ ಬಾಯಿ ಮುಚ್ಚಿ, ಕಣ್ಣುಗುಡ್ಡೆಯನ್ನು ಮೂಲೆಯ ಟ್ರಂಕಿನ ಕಡೆ ಹೊರಳಿಸಿದಳು. ಮತ್ತೆ ಗಂಡನ ಕಡೆ. ಮತ್ತೆ ಟ್ರಂಕಿನ ಕಡೆ.

“ನೋಡಿದ್ರಾ ತಾಯಮ್ಮ, ಕಣ್ಣಲ್ಲೇ ಎಂಥಾ ಆಕ್ಟಿಂಗು! ಸುಮಂಗಲೇನೂ ಹಿಂಗೇ ಹೊರಳಿಸೋದು” ಎಂದ ಮೃತ್ಯುಂಜಯ.

ಮಾನಸಾ ಹಣೆ ಹಣೆ ಚಚ್ಚಿಕೊಂಡಳು. ಅದೂ ಚೆನ್ನಾಗಿಯೇ ಇತ್ತು.

ಐದೂವರೆಗೆ ಪರಮಶಿವಯ್ಯನವರ ಜೀಪು ಬಂತು. ಸ್ಟೋರಿಗೆ ಬೀಗ, ಬಂಗಲೆಗೆ ಬೀಗ, ಹಣ್ಣು ಗಿಡದಲ್ಲೇ. ಸಾಹುಕಾರರು ಮೃತ್ಯುಂಜಯನ ಮನೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು.

“ನಂಗೆ ಬೇಕಾಗಿರೋದು ಒಂದೇ ಕಣಯ್ಯ. ಮುಂದೊಂದು ಹಿಂದೊಂದು ಇಲ್ದಿರೋ ಮನುಷ್ಯ. ಬೀಗದ ಕೈ ಎಲ್ಲೈತೆ, ನಿಜ ಹೇಳು.”

“ನಂಗೊತ್ತಿಲ್ಲ ಸಾವ್ಕಾರ್ರೇ, ನಮ್ಮನೆಯವಳಿಗೆ ಗೊತ್ತು. ಆದ್ರೆ ಅವಳು ಹೇಳಂಗಿಲ್ಲ.”

“ಯಾಕೆ?”

“ಸುಮಂಗಲೆ ಹೇಳಂಗಿಲ್ಲ, ಅದಕ್ಕೆ.”

ಪರಮಶಿವಯ್ಯನವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಮ್ಯಾನೇಜರ್ ಕುರ್ಚಿ ತನ್ನಿಂದ ಗಾವುದ ದೂರ ಹೋಗುತ್ತಿರುವುದು ಮೃತ್ಯುಂಜಯನಿಗೆ ಕಣ್ಣಿಗೆ ಕಂಡಂತಾಯಿತು.

ಆಗ ತಾಯಮ್ಮ ದಾರಿ ತೋರಿಸಿದಳು. “ಇವತ್ತು ಸುಮಂಗಲೆ ಬಾಯ್ ಬಿಡ್ತಾಳೆ ಅಂತ ಟೀವೀಲಿ ತೋರ್ಸವ್ರೆ. ಅವಳು ಬಿಟ್ರೆ ಇವಳೂ ಬಿಡ್ಬೇಕಲ್ವಾ?”

“ಬಿಡ್ತೀಯೇನೇ?” ಎಂದು ಮೃತ್ಯುಂಜಯ ಹಾರಿ ಕೇಳಿದ. ಮಾನಸಾ ಒಂದು ಗಳಿಗೆ ಯೋಚಿಸಿ ಕಣ್ಣು ಮುಚ್ಚಿ ಹೂಂ ಎಂದಳು.

ಏಳು ಗಂಟೆಗೆ ಇಡೀ ಕೂಲಿ ಲೈನಿನ ಹೆಂಗಸರು ಮನೆ ತುಂಬಿದರು. ಪರದೆಯ ಮೇಲೆ ಸುಮಂಗಲೆ ತಲೆ ತಗ್ಗಿಸಿ ನಿಂತಿದ್ದಳು. ಅತ್ತೆಯ ಸರ ಕಳುವಾಗಿತ್ತು. ಕದ್ದವನು ಗಂಡ, ಆರೋಪ ಇವಳ ಮೇಲೆ. ಸುತ್ತ ನಲವತ್ತು ನೆಂಟರು. ತುಟಿ ಅದುರಿತು, ಗುಡುಗು ಸಿಡಿಯಿತು, ಜಾಹೀರಾತು ಬಂತು. ಅದರಲ್ಲೊಬ್ಬಳು ಬಕೆಟ್ಟಿನ ಮುಂದೆ ನಗುತ್ತಿದ್ದಳು.

“ಇವಳ್ಯಾವಳವ್ವ, ಗಂಡನ ಅಂಗಿ ಕೊಳೆ ನೋಡಿ ಹಲ್ ಕಿರೀತವ್ಳೆ!” ಎಂದಳು ಭೂತಮ್ಮ.

ಸುಮಂಗಲೆ ಮತ್ತೆ ಬಂದಾಗ ಮೃತ್ಯುಂಜಯನಿಗೆ ತಡೆಯಲಾಗಲಿಲ್ಲ. ಎದ್ದು ಟೀವಿ ಮುಂದೆ ಕೈಮುಗಿದು ನಿಂತ. “ಬಾಯ್ ಬಿಡು ತಾಯಿ! ಎಷ್ಟ್ ದಿನ ಅಂತ ನುಂಗ್ತೀಯಾ? ನೀನು ನುಂಗೀ ನುಂಗೀ ನಮ್ಮನೆ ಹಾಳಾಗೋಯ್ತು! ಹೆಂಗ್ಸು ಅಂದ್ರೆ ಬಾಯಿಲ್ವಾ?”

“ಸಾಕು!” ಎಂದು ಸುಮಂಗಲೆ ತಲೆ ಎತ್ತಿದಳು. “ಇನ್ನು ನಾನು ಸುಮ್ಮನಿರಲಾರೆ!”

ಮನೆಯೊಳಗೆ ಶಿಳ್ಳೆ, ಚಪ್ಪಾಳೆ. ಬೆಳಿಗ್ಗೆ ಕೆನ್ನೆಗೆ ಬಿಗಿ ಅಂದಿದ್ದ ತಾಯಮ್ಮನೂ ಕಣ್ಣೊರೆಸಿಕೊಳ್ಳುತ್ತಾ, “ನಾನೂ ಆಗ್ಲೇ ಹಿಂಗ್ ಅಂದಿದ್ರೆ...” ಎಂದಳು. ಮೃತ್ಯುಂಜಯ ಓಡಿಬಂದು ಹೆಂಡತಿಯ ಮುಂದೆ ನಿಂತ.

“ಈಗ್ ಹೇಳು!”

“ಇಲ್ಲೇ ಹೇಳ್ಲಾ? ಇವರೆಲ್ಲರ ಮುಂದೇನೇ?” ಎಂದು ಮಾನಸಾ ಮೆಲ್ಲಗೆ ಕೇಳಿದಳು.

“ಎಲ್ಲಾರ್ ಮುಂದೇನೇ ಹೇಳು! ಮುಚ್ಚಿಡೋ ಕಾಲ ಹೋಯ್ತು!”

“ಇನ್ನೊಂದ್ ಸಲ ಯೋಚ್ನೆ ಮಾಡಿ ರೀ.”

“ಹೇಳೇ ಅಂದ್ರೆ!”

ಮಾನಸಾ ಟ್ರಂಕು ತೆಗೆದು ಕಾಫಿ ಬಣ್ಣದ ಶಾಲೊಂದನ್ನು ಎತ್ತಿದಳು. ತುದಿಯ ಗಂಟಿನಲ್ಲಿ ಗೊಂಚಲು ಝಣ್ ಎಂದಿತು. ಮೃತ್ಯುಂಜಯ ಕುಣಿಯಲು ಕಾಲೆತ್ತಿದ. ಆಗ ಅವನ ಕಣ್ಣಿಗೆ ಶಾಲಿನ ಜರಿ ಅಂಚು ಬಿತ್ತು. ಅವನ ಶಾಲಿಗೆ ಜರಿ ಇರಲಿಲ್ಲ. ಎತ್ತಿದ ಕಾಲು ಹಾಗೇ ನಿಂತಿತು.

“ಇದು ನಂಗೆ ಸನ್ಮಾನದಲ್ಲಿ ಹೊದಿಸಿದ್ ಶಾಲಲ್ವೇನಯ್ಯ?” ಎಂದರು ಪರಮಶಿವಯ್ಯನವರು. “ಬಂಗ್ಲೆ ಸೋಫಾ ಮೇಲಿತ್ತಲ್ಲ. ಇಲ್ಲಿಗ್ ಹೆಂಗ್ ಬಂತು?”

“ಹೇಳ್ಬುಡವ್ವ” ಎಂದಳು ಭೂತಮ್ಮ.

“ಇವರು ದಿನಾ ಏಳು ಗಂಟೆಗೆ ಬಂಗ್ಲೆ ಬೀಗ ತೆಗೆದು, ನಿಮ್ ಸೋಫಾ ಮೇಲೆ ಮಲಕ್ಕಂಡು, ನಿಮ್ ದೊಡ್ ಟೀವೀಲಿ ಸುಮಂಗಲೇನ ನೋಡಿ ಅಳ್ತಾರೆ ಸಾವ್ಕಾರ್ರೇ. ಒಂದಿನ ಕರೆಯಾಕ್ ಹೋದಾಗ ಕಿಟಕೀಲಿ ಕಂಡೆ. ನಿನ್ನೆ ಅಳು ಜಾಸ್ತಿಯಾಗಿ ನಿಮ್ ಶಾಲ್ನೇ ತಮ್ದು ಅನ್ಕಂಡು ಹೊದ್ದು, ಬೀಗ ಹಾಕಿ ಕೈಗೊಂಚಲ್ನೂ ಅದಕ್ಕೇ ಗಂಟ್ ಹಾಕ್ಕಂಡು ಬಂದ್ಬುಟ್ಟವ್ರೆ. ಬೆಳಿಗ್ಗೇನೇ ಗುಟ್ಟಾಗ್ ಹೇಳಾಣ ಅಂತ ಕರೆದೆ. ನುಂಗ್ಕಂಡು ಸುಮ್ಕಿರು ಅಂದ್ರು. ಇವರ ಮರ್ಯಾದೆ ಹೋಗ್ಬಾರ್ದು ಅಂತ ಇಡೀ ದಿನ ನುಂಗ್ಕಂಡೇ ಇದ್ದೆ. ಮೂಗು ಒರಸ್ಕಂಡಿರೋ ಕಲೆ ಹಂಗೇ ಐತೆ, ಒಗ್ದು ಕೊಡ್ತೀನಿ.”

ಮನೆಯಲ್ಲಿ ಸುಮಂಗಲೆಯೊಬ್ಬಳೇ ಮಾತಾಡುತ್ತಿದ್ದಳು. ಮೃತ್ಯುಂಜಯ ಗೋಡೆಯ ಕಡೆ ತಿರುಗಿದ. ಕಿಟಕಿಯ ಕಡೆ ತಿರುಗಿದ. ಮೂರನೇ ಸಲ ತಿರುಗಲು ಧೈರ್ಯ ಬರಲಿಲ್ಲ.

ಸಾಹುಕಾರರು ಎರಡೇ ಬೆರಳಲ್ಲಿ ಶಾಲು ಹಿಡಿದು ಗಂಟು ಬಿಚ್ಚಿ ಗೊಂಚಲು ತೆಗೆದುಕೊಂಡರು. “ಮ್ಯಾನೇಜರ್ ವಿಷ್ಯ ಮುಂದಿನ್ ವರ್ಷ ನೋಡಾಣ. ಬೀಗದ ಕೈ ಇನ್ಮೇಲೆ ಈ ಅಮ್ಮನ ಹತ್ರ ಇರ್‍ಲಿ” ಎಂದು ಹೇಳಿ ಬಂಗಲೆಗೆ ಹೋದರು. ಸೋಫಾದ ಮೇಲೆ ಮೃತ್ಯುಂಜಯನ ಶಾಲು ಆರಾಮಾಗಿ ಮಲಗಿತ್ತು. ಬೆಳಗಾದ ಮೇಲೆ ಗೊಂಚಲು ಮಾನಸಾಳ ಸೊಂಟ ಸೇರಿತು, ದೊಡ್ಡ ಟೀವಿ ಜೀಪಿನಲ್ಲಿ ಸಕಲೇಶಪುರಕ್ಕೆ ಇಳಿಯಿತು.

ಅವತ್ತು ಸಂಜೆ ಏಳಕ್ಕೆ ಮೃತ್ಯುಂಜಯ ಮನೆಯಲ್ಲೇ ಇದ್ದ. ಹೋಗಲು ಬೇರೆ ಜಾಗವಿರಲಿಲ್ಲ. ಮಾನಸಾ ಹಳೇ ನೈಟಿಯಲ್ಲಿ ಕಾಲು ಚಾಚಿ ಕೂತು ಕಬಡ್ಡಿ ಹಾಕಿದಳು. ಬಾಯಿ ಬಿಟ್ಟ ಮೇಲೆ ಸುಮಂಗಲೆಯ ಗತಿ ಏನಾಯಿತೋ, ಅವಳನ್ನು ಮನೆಯಿಂದ ಆಚೆ ಹಾಕಿದರೋ ಏನೋ ಎಂದು ಇವನು ಚಡಪಡಿಸಿದ. ನಡುಗೋಡೆಯ ಆಚೆ ತಾಯಮ್ಮನ ಟೀವಿಯಲ್ಲಿ ಯಾರೋ ಬಿಕ್ಕುತ್ತಿದ್ದರು. ಗೋಡೆಗೆ ಕಿವಿ ಕೊಟ್ಟ. ಕಬಡ್ಡಿಯ ಗಲಾಟೆಯಲ್ಲಿ ಒಂದೂ ತಿಳಿಯಲಿಲ್ಲ.

“ಮಾನಸಾ... ಆ ರಿಮೋಟು ಒಂದೈದ್ ನಿಮಿಷ...”

“ರೀ” ಎಂದಳು ಮಾನಸಾ, ಪರದೆಯಿಂದ ಕಣ್ಣು ತೆಗೆಯದೆ. “ಎದುರು ಮಾತಾಡ್ಬಾರ್ದು. ನುಂಗ್ಕಂಡು ಸುಮ್ಕಿರ್ಬೇಕು.”

ಮೃತ್ಯುಂಜಯ ತನ್ನ ಸ್ವಂತ ಶಾಲಿನ ತುದಿ ಕಚ್ಚಿಕೊಂಡು ಸುಮ್ಮನೆ ಕೂತ.