ನನ್ನ ಮೈನಸ್ ಏಳನ್ನು ಕೊಂಡೊಯ್ದ ಲೇಸರ್ ಯಂತ್ರಕ್ಕೆ

ಕಣ್ಣಿನ ಆಸ್ಪತ್ರೆಯ ಎರಡನೆಯ ಮಹಡಿಯ ತಣ್ಣನೆಯ ಕೋಣೆಯಲ್ಲಿ, ಚಪ್ಪಲಿ ಬಿಟ್ಟು ಬಂದವರಿಗೆ ಮಾತ್ರ ದರ್ಶನ ಕೊಡುತ್ತ ವಿರಾಜಮಾನರಾಗಿರುವ ಲೇಸರ್ ಯಂತ್ರ ಮಹೋದಯರ ಸನ್ನಿಧಿಗೆ, ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಮೆಟ್ಟಿಲ ಕೆಳಗಿನ ಅಂಗಡಿಯಲ್ಲಿ ಕುಳಿತು ಹರಿದ ಬಟ್ಟೆಗೆ ರಫೂ ಮಾಡುವ ಹೆಂಗಸು ಮಾಡುವ ಅನಂತ ನಮಸ್ಕಾರಗಳು.

ಮಾನ್ಯರೇ,

ತಮಗೆ ನನ್ನ ನೆನಪಿರಲಾರದು. ಆ ದಿನ ತಮ್ಮ ಕೆಳಗೆ ಸಾಲಾಗಿ ಮಲಗಿ ಎದ್ದ ಹನ್ನೊಂದು ಜನರಲ್ಲಿ ನಾನು ಏಳನೆಯವಳು. ವಯಸ್ಸು ನಲವತ್ತೇಳು, ಎರಡೂ ಕಣ್ಣಿಗೆ ಮೈನಸ್ ಏಳು, ತಲೆಗೆ ಹಸಿರು ಟೋಪಿ. ನನ್ನನ್ನು ತಮ್ಮಲ್ಲಿಗೆ ಕರೆತಂದವಳು ನನ್ನ ತಂಗಿ. ನನಗಿಂತ ಹದಿನೈದು ವರ್ಷ ಚಿಕ್ಕವಳಾದ ಆಕೆ ತಮ್ಮ ಕೃಪೆಗೆ ಮೊದಲೇ ಪಾತ್ರಳಾಗಿ, ಅಂದಿನಿಂದ ಕನ್ನಡಕ ಹಾಕಿದವರನ್ನು ಕಂಡರೆ ಅಯ್ಯೋ ಪಾಪ ಎನ್ನುವ ಮಟ್ಟಕ್ಕೆ ಬೆಳೆದಿದ್ದಾಳೆ.

ಮೊದಲಿಗೆ ತಮ್ಮ ಕೆಲಸವನ್ನು ಹೊಗಳದಿದ್ದರೆ ನನ್ನ ನಾಲಿಗೆ ಬಿದ್ದುಹೋದೀತು. ಕಣ್ಣಿಗೆ ಮರಗಟ್ಟುವ ಹನಿ ಬಿಟ್ಟರು, ರೆಪ್ಪೆ ಮುಚ್ಚದಂತೆ ಚಿಕ್ಕ ಕ್ಲಿಪ್ ಸಿಕ್ಕಿಸಿದರು, ಮಿನುಗುವ ಹಸಿರು ದೀಪವನ್ನೇ ನೋಡುತ್ತಿರಬೇಕೆಂದು ಡಾಕ್ಟರಮ್ಮ ಹೇಳಿದರು. ಬಳೆಯಂಥ ಒಂದು ವಸ್ತು ಕಣ್ಣಿನ ಮೇಲೆ ಒತ್ತಿ ಕೂತಾಗ ಆ ದೀಪವೂ ಮಾಯವಾಗಿ ಎಲ್ಲ ಕತ್ತಲಾಯಿತು. ಹೀಗಾಗುತ್ತದೆಂದು ಮೊದಲೇ ತಿಳಿಸಿದ್ದರೂ, ಗೊತ್ತಿದ್ದ ದೇವರನ್ನೆಲ್ಲ ಒಬ್ಬರನ್ನೂ ಬಿಡದೆ ಕರೆದೆ. ಮತ್ತೆ ಬೆಳಕಾಗುವಷ್ಟರಲ್ಲಿ ಕಣ್ಣಿನ ಮೇಲ್ಪದರವನ್ನು ತೆಳ್ಳಗೆ ಬಿಡಿಸಿ ಮಗ್ಗುಲಿಗೆ ಮಡಚಿಟ್ಟಿದ್ದರಂತೆ. ಆಮೇಲೆ ತಾವು ಟಿಕ್ ಟಿಕ್ ಎನ್ನುತ್ತ ಕೆಲಸಕ್ಕೆ ಇಳಿದಿರಿ, ಕೂದಲು ಸುಟ್ಟಂಥ ವಾಸನೆ ಬಂತು. ಹೆದರಬೇಡಿ, ಅದು ಸಹಜ ಎಂದರು ಡಾಕ್ಟರಮ್ಮ. ನಾನೇಕೆ ಹೆದರಲಿ? ಬಟ್ಟೆ ಉಣ್ಣೆಯೋ ನೈಲಾನೋ ಎಂದು ತಿಳಿಯಲು ದಿನಾ ಒಂದು ಎಳೆ ಸುಟ್ಟು ಮೂಸುವವಳು ನಾನು. ಮಲಗಿದ್ದಲ್ಲೇ ಒಂದು ಸಲ ಮೂಸಿ, ಅಪ್ಪಟ ಉಣ್ಣೆ, ಮಿಶ್ರಣವಿಲ್ಲ ಎಂದು ತೀರ್ಮಾನಿಸಿ ನೆಮ್ಮದಿ ಪಟ್ಟೆ. ಎರಡೂ ಕಣ್ಣು ಸೇರಿ ಕಾಲು ಗಂಟೆಯೊಳಗೆ ಮುಗಿಯಿತು. ಮಡಚಿದ ಪದರವನ್ನು ಹಾಗೇ ಹಿಂದಕ್ಕೆ ಹಾಸಿದರು, ಒಂದು ಹೊಲಿಗೆಯೂ ಇಲ್ಲ. ವಾರದ ನಂತರ ನಮ್ಮ ಯಜಮಾನರಿಗೆ ಟಾರ್ಚ್ ಕೊಟ್ಟು ಎಲ್ಲಿ ಬಿಚ್ಚಿದ್ದಾರೆ ಹುಡುಕಿ ಎಂದೆ. ಅವರಿಗೆ ಸಿಗಲಿಲ್ಲ. ಇಪ್ಪತ್ತೈದು ವರ್ಷ ಇದೇ ಕಸುಬಿನಲ್ಲಿರುವ ನನಗೆ, ಹೇಳಲು ನಾಚಿಕೆಯಾದರೂ, ಹೊಟ್ಟೆಕಿಚ್ಚಾಯಿತು.

ನಂತರದ ದಿನಗಳನ್ನೂ ತಮ್ಮ ಗಮನಕ್ಕೆ ತರುವುದು ನನ್ನ ಕರ್ತವ್ಯ. ಮೊದಲ ಸಂಜೆಯೆಲ್ಲ ಕಣ್ಣೊಳಗೆ ಮರಳು ಸುರಿದಂತೆ ಉರಿ, ನೀರು. ಮಲಗುವಾಗ ತೂತುಗಳಿರುವ ಪ್ಲಾಸ್ಟಿಕ್ ಮುಚ್ಚಳಗಳನ್ನು ಕಣ್ಣಿಗೆ ಅಂಟಿಸಿಕೊಳ್ಳಬೇಕು. ತಲೆಗೆ ಸ್ನಾನವಿಲ್ಲ, ಒಲೆಯ ಹೊಗೆಗೆ ಮುಖ ಒಡ್ಡುವಂತಿಲ್ಲ, ಬೀದಿಯ ಪ್ರತಿ ದೀಪದ ಸುತ್ತಲೂ ಒಂದೊಂದು ಬೆಳಕಿನ ಬಳೆ. ಇದನ್ನೆಲ್ಲ ಸಹಿಸಿಕೊಂಡೆ. ಹನಿ ಹಾಕುವ ಹೊಣೆ ಹೊತ್ತವರು ನಮ್ಮ ಯಜಮಾನರು. ಅದೇ ಅಂಗಡಿಯಲ್ಲಿ ಇಸ್ತ್ರಿ ಮಾಡುವ ಅವರಿಗೆ ನೀರು ಚಿಮುಕಿಸಿ ಅಭ್ಯಾಸವಾದ್ದರಿಂದ, ಎರಡು ಹನಿ ಕಣ್ಣಿಗೆ ಬಿದ್ದರೆ ಎಂಟು ಹನಿ ಕೊರಳಿಗೆ ಇಳಿಯುತ್ತಿತ್ತು. ಹನಿ ಹಾಕದ ಹೊತ್ತಿನಲ್ಲಿ ಅವರದು ಕಾವಲು. ಏಕೆಂದರೆ ಕಣ್ಣು ಮುಟ್ಟಲೇಬಾರದೆಂದು ಆಸ್ಪತ್ರೆಯವರು ಹೇಳಿದ್ದರೂ, ಇಲ್ಲದ ಕನ್ನಡಕವನ್ನು ಹಣೆಗೇರಿಸಲು ನನ್ನ ಕೈ ಗಂಟೆಗೆ ಹತ್ತು ಸಲ ಮುಖದ ಕಡೆ ಹೊರಡುತ್ತಿತ್ತು. ಇಸ್ತ್ರಿ ಪೆಟ್ಟಿಗೆ ಎತ್ತಿ ಹಿಡಿದು ಅವರು, ಕೈ ಕೆಳಗಿಡೇ, ಕೈ, ಎಂದು ಕೂಗಿದಾಗಲೆಲ್ಲ ಬೀದಿಯಲ್ಲಿ ಹೋಗುವವರು ಏನಾಯಿತೋ ಎಂದು ಇಣುಕಿ ನೋಡಿ ಹೋಗುತ್ತಿದ್ದರು.

ಈ ಕನ್ನಡಕ ಏರಿಸುವ ಚಟದಲ್ಲೇ ನನ್ನ ದೂರಿನ ಬೇರಿದೆ, ಮಾನ್ಯರೇ. ರಫೂ ಎಂದರೆ ತೇಪೆಯಲ್ಲ. ಅದೇ ಬಟ್ಟೆಯ ಒಳಮಡಿಕೆಯಿಂದ ಎಳೆ ಬಿಡಿಸಿ, ತೂತಿನ ಮೇಲೆ ಅಡ್ಡಕ್ಕೊಂದು ಉದ್ದಕ್ಕೊಂದು ನೇಯ್ದು, ಅಲ್ಲಿ ಏನೂ ಆಗಿರಲಿಲ್ಲವೆಂಬಂತೆ ಮಾಡುವುದು. ನನ್ನ ಕನ್ನಡಕ ದಾರಿ ನೋಡುವುದಕ್ಕೆ, ಗಿರಾಕಿಗಳ ಮುಖ ನೋಡುವುದಕ್ಕೆ. ಕೆಲಸಕ್ಕೆ ಕೂತರೆ ಅದನ್ನು ಹಣೆಗೇರಿಸಿ ಬಟ್ಟೆಯನ್ನು ಮೂಗಿಗೆ ತಾಗುವಷ್ಟು ಹತ್ತಿರ ತರುತ್ತಿದ್ದೆ, ಆಗ ಒಂದೊಂದು ಎಳೆಯೂ ಹಗ್ಗದಷ್ಟು ದಪ್ಪಗೆ ಕಾಣುತ್ತಿತ್ತು. ಅದು ನನ್ನ ಬೆರಳಿನ ಚಳಕ ಎಂದು ಊರು ಹೊಗಳುತ್ತಿತ್ತು, ನಾನೂ ಹಾಗೇ ನಂಬಿ ಬೀಗುತ್ತಿದ್ದೆ. ಅದರಲ್ಲಿ ಅರ್ಧ ಪಾಲು ಮೈನಸ್ ಏಳರದ್ದು ಎಂದು ತಿಳಿದದ್ದು ತಾವು ಅದನ್ನು ತೆಗೆದಮೇಲೆಯೇ.

ಈಗ ನನಗೆ ಎದುರು ಕಟ್ಟಡದ ನಾಲ್ಕನೆಯ ಮಹಡಿಯಲ್ಲಿ ಒಣಗಲು ಹಾಕಿದ ಅಂಗಿಗೆ ಗುಂಡಿ ಇಲ್ಲದಿರುವುದು ಕಾಣುತ್ತದೆ. ಬರುವ ಬಸ್ಸಿನ ಬೋರ್ಡು ತಿರುವಿನಲ್ಲೇ ಕಾಣುತ್ತದೆ. ಬೆಳಗ್ಗೆ ಕಣ್ಣು ತೆರೆದ ಕೂಡಲೇ ಸೂರಿನ ಜೇಡರ ಬಲೆ ಕಾಣುವುದರಿಂದ ಇನ್ನೈದು ನಿಮಿಷ ಮಲಗೋಣವೆಂಬ ಸುಖವೂ ಹೋಯಿತು. ಕಾಣದಿರುವುದು ಒಂದೇ, ನನ್ನ ಕೈಯಲ್ಲಿರುವ ಸೂಜಿ. ಓದುವ ಕನ್ನಡಕ ಕೊಂಡೆ; ಅದರಲ್ಲಿ ಪತ್ರಿಕೆ ಓದಬಹುದು, ಎಳೆ ಎಣಿಸಲಾಗದು.

ನಮ್ಮ ಅಂಗಡಿಯಲ್ಲಿ ಒಂದು ಪದ್ಧತಿಯಿದೆ. ಕೆಲಸ ಮುಗಿದ ಬಟ್ಟೆಯನ್ನು ಮೇಜಿನ ಮೇಲೆ ಹರಡಿ, ತೂತು ಎಲ್ಲಿತ್ತು ಹುಡುಕಿ ಎಂದು ಗಿರಾಕಿಯನ್ನೇ ಕೇಳುತ್ತೇನೆ. ಇಪ್ಪತ್ತೈದು ವರ್ಷದಲ್ಲಿ ಒಬ್ಬರಿಗೂ ಸಿಕ್ಕಿರಲಿಲ್ಲ. ಹೋದ ತಿಂಗಳು ನಮ್ಮ ಬೀದಿಯ ವಕೀಲರ ಕರಿಕೋಟಿನ ಎದೆಯ ಬಳಿಯ ತೂತನ್ನು, ಅಂದಾಜಿನಲ್ಲೂ ಅಭ್ಯಾಸಬಲದಲ್ಲೂ ಮುಚ್ಚಿ, ಎಂದಿನ ಗತ್ತಿನಲ್ಲಿ ಹರಡಿ, ಹುಡುಕಿ ಎಂದೆ. ಐವತ್ತರ ಆ ಮನುಷ್ಯ, ಮಾನ್ಯರೇ, ದಪ್ಪ ಕನ್ನಡಕವನ್ನು ಹಣೆಗೇರಿಸಿದರು, ಬಗ್ಗಿ ಕೋಟಿಗೆ ಮೂಗು ತಾಗಿಸಿದರು, ನೇರ ಅಲ್ಲಿಗೇ ಬೆರಳಿಟ್ಟರು. ಇಲ್ಲೇ ಅಲ್ವೇನಮ್ಮಾ ಎಂದು ನಕ್ಕರು. ಇನ್ನೊಮ್ಮೆ ಮಾಡಿಕೊಡುತ್ತೇನೆಂದು ಕೋಟನ್ನು ಕಿತ್ತುಕೊಂಡಂತೆ ಒಳಗಿಟ್ಟೆ. ಅವರು ಹೋದಮೇಲೆ ನನಗೆ ಅಳು ಬಂತು. ಈ ಕೈಗಳನ್ನು ಬಿಟ್ಟು ಹೆಮ್ಮೆ ಪಡಲು ನನ್ನ ಬಳಿ ಬೇರೇನೂ ಇಲ್ಲ. ಅಳೋಣವೆಂದರೆ, ತಮ್ಮ ದಯೆಯಿಂದ ಕಣ್ಣು ಒಣಗಿತ್ತು. ಎರಡು ಹನಿ ಔಷಧ ಬಿಟ್ಟುಕೊಂಡು ಅತ್ತೆ.

ಹಾಗೆಂದು ತಮ್ಮ ಮೇಲೆ ಸುಳ್ಳು ಹೊರಿಸಲಾರೆ. ನಲವತ್ತು ದಾಟಿದವರಿಗೆ ಹತ್ತಿರದ್ದು ಮಂಜಾಗುತ್ತದೆ, ಬೇಕಾದರೆ ಒಂದು ಕಣ್ಣಿನಲ್ಲಿ ಸ್ವಲ್ಪ ಮೈನಸ್ ಉಳಿಸುತ್ತೇನೆ, ಏನು ಕೆಲಸ ಮಾಡುತ್ತೀರಿ ಎಂದು ಡಾಕ್ಟರಮ್ಮ ಮೊದಲೇ ಕೇಳಿದ್ದರು. ಬಟ್ಟೆ ಅಂಗಡಿ ಎಂದೆ. ರಫೂ ಎಂದರೆ ಕೀಳಾಗಿ ಕಂಡಾರೆಂದು ಆ ಜಂಬ. ಮೇಲಾಗಿ, ಎರಡು ಮಕ್ಕಳಲ್ಲಿ ಭೇದ ಮಾಡುವ ತಾಯಿ ನಾನಲ್ಲ, ಎರಡಕ್ಕೂ ಪೂರ್ತಿ ಮಾಡಿಬಿಡಿ ಎಂದು ಧಾರಾಳವಾಗಿ ಅಪ್ಪಣೆ ಕೊಟ್ಟೆ. ತಾವು ಅದನ್ನು ಕೂದಲೆಳೆಯಷ್ಟೂ ತಪ್ಪದೆ ಪಾಲಿಸಿದಿರಿ. ಗಂಡ, ತಂಗಿ, ಗಿರಾಕಿ, ಮನೆಯ ನಲ್ಲಿ, ಯಾರೂ ಯಾವತ್ತೂ ನನ್ನ ಒಂದು ಮಾತು ಕೇಳಿದ್ದಿಲ್ಲ. ಕೇಳಿದವರು ತಾವೊಬ್ಬರೇ, ಅದೂ ನಾನು ತಪ್ಪು ಹೇಳಿದ ದಿನವೇ ಕೇಳಬೇಕಿತ್ತೇ?

ಆದ್ದರಿಂದ ನನ್ನ ಸಣ್ಣ ಕೋರಿಕೆಗಳು. ಗಿರಾಕಿಯ ಬಟ್ಟೆಯಲ್ಲಿ ಉಳಿದ ತುಂಡನ್ನು ಪೊಟ್ಟಣ ಕಟ್ಟಿ ಹಿಂದಿರುಗಿಸುವುದು ನಮ್ಮ ಕಸುಬಿನ ಮರ್ಯಾದೆ. ತಾವು ತೆಗೆದ ಮೈನಸ್ ಏಳನ್ನು ದಯವಿಟ್ಟು ಅದೇ ರೀತಿ ಕಳುಹಿಸಿಕೊಡಿ. ಎರಡೂ ಕಣ್ಣಿನದು ಬೇಡ, ಬಲಗಣ್ಣಿನದು ಸಾಕು, ಅದೂ ಬೆಳಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ. ಭಾನುವಾರ ತಾವೇ ಇಟ್ಟುಕೊಳ್ಳಬಹುದು. ಅದು ಸುಟ್ಟುಹೋಗಿದ್ದರೆ, ಆ ದಿನ ನನ್ನ ಮುಂದಿದ್ದ ಆರು ಜನರಲ್ಲಿ ಯಾರದಾದರೂ ಮಿಕ್ಕಿದೆಯೇ ನೋಡಿ. ಮೈನಸ್ ಐದಾದರೂ ಹೊಂದಿಸಿಕೊಳ್ಳುತ್ತೇನೆ. ಅಲ್ಲಿಯವರೆಗೆ ಯಜಮಾನರು ಮೇಜಿಗೆ ಜೋಡಿಸಿಕೊಟ್ಟ ದೊಡ್ಡ ಭೂತಗನ್ನಡಿಯ ಕೆಳಗೆ ಹಳೆಯ ಬಟ್ಟೆ ಇಟ್ಟುಕೊಂಡು, ಹೊಸದಾಗಿ ಕಲಿಯಲು ಬಂದವಳ ಹಾಗೆ ಬೆರಳು ಚುಚ್ಚಿಕೊಳ್ಳುತ್ತಿದ್ದೇನೆ. ನಿನ್ನೆ ನಾಲ್ಕು ಎಳೆ ಸರಿಯಾಗಿ ಕೂತವು.

ಎಷ್ಟು ದೂರದಲ್ಲಿದ್ದರೆ ಅಷ್ಟು ಸ್ಪಷ್ಟವಾಗಿ ಕಾಣುವ ತಮಗೆ ಮತ್ತೊಮ್ಮೆ ವಂದಿಸುವ,

ತಮ್ಮ ವಿಶ್ವಾಸಿ,
ಮೆಟ್ಟಿಲ ಕೆಳಗಿನ ರಫೂ ಅಮ್ಮ

ಮರೆತ ಮಾತು: ನನ್ನ ಕಣ್ಣನ್ನು ಕಂಡು ಆಸೆಪಟ್ಟ ವಕೀಲರು ಬರುವ ತಿಂಗಳು ತಮ್ಮ ಕೆಳಗೆ ಮಲಗಲಿದ್ದಾರೆ. ಹತ್ತಿರದ ನೋಟ ಒಂದಿಷ್ಟು ಉಳಿಸಿಕೊಳ್ಳಲೇ ಎಂದು ನನ್ನನ್ನೇ ಕೇಳಿದರು. ಛೇ ಛೇ, ಪೂರ್ತಿ ಮಾಡಿಸಿಕೊಳ್ಳಿ ಎಂದು ಹೇಳಿ ಕಳುಹಿಸಿದ್ದೇನೆ. ದಯವಿಟ್ಟು ತಮ್ಮ ಎಂದಿನ ಶ್ರದ್ಧೆಯಿಂದ ಕೆಲಸ ಮಾಡಿ. ಅವರ ಕೋಟನ್ನು ಅದರ ಮರುದಿನ ಕೊಡುತ್ತೇನೆ.